ಡೈನೋಸಾರ್ ಆಯಿತು, ಕಡಲಿನ ಲೆಕ್ಕ ಎಲ್ಲಿ?

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಡೈನೋಸಾರ್‌ಗಳ ಅಳಿವಿನ ಬಗ್ಗೆ ಒಂದು ಪುಟ ಬಂದಿತ್ತು. ಆಕಾಶದಿಂದ ಬೆಂಕಿಯುಂಡೆ ಬೀಳುತ್ತಿದೆ, ಕೆಳಗೆ ದೊಡ್ಡ ಪ್ರಾಣಿಯೊಂದು ಬಾಯಿ ತೆರೆದು ನಿಂತಿದೆ. ಚಿತ್ರ ಚೆನ್ನಾಗಿತ್ತು, ಭಾಷೆಯೂ ಸರಾಗವಾಗಿತ್ತು. ಆದರೆ ಇಡೀ ಪುಟದಲ್ಲಿ 'ಸಮುದ್ರ' ಅನ್ನುವ ಪದ ಬಂದದ್ದು ಒಂದೇ ಸಲ, ಅದೂ ಕಲ್ಲು ಎಲ್ಲಿ ಬಿತ್ತು ಎಂದು ಹೇಳುವಾಗ. ಆ ಸಮುದ್ರದಲ್ಲಿ ಇದ್ದವುಗಳ ಗತಿ ಏನಾಯಿತು ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಕೊನೆಯಲ್ಲಿ 'ವಿಜ್ಞಾನಿಗಳು ಈ ಪ್ರಕರಣವನ್ನು ಮುಗಿಸಿದ್ದಾರೆ' ಎಂದು ಬೇರೆ ಬರೆದಿದ್ದೀರಿ. ಈ ಎರಡು ವಿಷಯಕ್ಕೆ ನನ್ನ ತಕರಾರಿದೆ. ಪತ್ರ ಉದ್ದವಾದರೆ ಕತ್ತರಿಸಿ ಹಾಕಿ, ಬೇಜಾರಿಲ್ಲ. ಗೆರ್ಟಾ ಕೆಲ್ಲರ್ ಎಂಬ ಭೂವಿಜ್ಞಾನಿಯ ಹೆಸರು ಮಾತ್ರ ಕತ್ತರಿಸಬೇಡಿ.

ನಾನು ಈ ಭಾಗದ ಒಂದು ಪದವಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ 2018ರಲ್ಲಿ ನಿವೃತ್ತನಾದವನು. 1980ರಲ್ಲಿ ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಆ ವರ್ಷವೇ ಲೂಯಿಸ್ ಆಲ್ವರೆಜ್, ಅವರ ಮಗ ವಾಲ್ಟರ್ ಹಾಗೂ ಇನ್ನಿಬ್ಬರು ಸೇರಿ ಇಟಲಿಯ ಗುಬ್ಬಿಯೋ ಊರಿನ ಬಂಡೆಯಲ್ಲಿ ಬೆರಳಗಲದ ಜೇಡಿಪದರದಲ್ಲಿ ಇರಿಡಿಯಂ ಸಿಕ್ಕಿದ್ದನ್ನು ಪ್ರಕಟಿಸಿದರು. ನೆಲದ ಮೇಲೆ ಅಪರೂಪವಾದ, ಆಕಾಶದಿಂದ ಬೀಳುವ ಕಲ್ಲಿನಲ್ಲಿ ಹೆಚ್ಚಿರುವ ಲೋಹ ಅದು. ಸುಮಾರು 10 ಕಿಲೋಮೀಟರ್ ಅಗಲದ ಕ್ಷುದ್ರಗ್ರಹ ಬಡಿದು ಜೀವಕುಲ ನಾಶವಾಯಿತು ಅನ್ನುವ ವಾದ ಅಲ್ಲಿಂದ ಶುರು. ಆ ಪ್ರಬಂಧದ ಪ್ರತಿ ನಮ್ಮ ಕೈಗೆ ಬರಲು ಒಂದು ವರ್ಷ ಹಿಡಿಯಿತು. ನಾಲ್ಕು ಮಂದಿ ಒಂದು ಪ್ರತಿ ಓದಿದೆವು. ಹಾಸ್ಟೆಲಿನಲ್ಲಿ ರಾತ್ರಿ ಎರಡರವರೆಗೆ ಜಗಳ. ನಾನು ಆಗ ಕಲ್ಲಿನ ಪಕ್ಷ.

ಈಗ ಕಡಲಿನ ವಿಷಯ. ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳಿವೆ, ನಾವು ಚಿಕ್ಕದಾಗಿ 'ಫೊರಾಮ್' ಅನ್ನುತ್ತೇವೆ. ಇವುಗಳಲ್ಲಿ ನಮಗೆ ಬೇಕಾದವು ಸುಣ್ಣದ ಚಿಪ್ಪು ಕಟ್ಟಿಕೊಂಡು ನೀರಿನಲ್ಲಿ ತೇಲುತ್ತವೆ. ಸತ್ತ ಮೇಲೆ ಚಿಪ್ಪು ತಳಕ್ಕೆ ಇಳಿದು ಕೆಸರಾಗಿ, ಕೆಸರು ಬಂಡೆಯಾಗುತ್ತದೆ. ಗಸಗಸೆ ಕಾಳಿಗಿಂತ ಚಿಕ್ಕವು. ಡೈನೋಸಾರ್ ಮೂಳೆ ಸಿಕ್ಕರೆ ಒಂದೋ ಎರಡೋ ಸಿಗುತ್ತದೆ, ಒಂದು ಹಿಡಿ ಕಡಲ ಕೆಸರಿನಲ್ಲಿ ಫೊರಾಮ್‌ಗಳು ಸಾವಿರಗಟ್ಟಲೆ. ಯಾವ ಜಾತಿ ಯಾವ ಪದರದವರೆಗೆ ಇತ್ತು, ಯಾವುದರಲ್ಲಿ ಇಲ್ಲವಾಯಿತು ಎಂದು ಸೆಂಟಿಮೀಟರ್ ಲೆಕ್ಕದಲ್ಲಿ ಹೇಳಬೇಕಾದರೆ ಇವನ್ನೇ ಕೇಳಬೇಕು.

ಕೇಳುವ ವಿಧಾನ ಬಹಳ ಬೇಸರದ್ದು. ವಿದ್ಯಾರ್ಥಿಗಳನ್ನು ಕರೆದುಕೊಂಡು, ಹಳೆಯ ಕಡಲತಳದ ಬಂಡೆಗಳಿರುವ ತಮಿಳುನಾಡಿನ ಅರಿಯಲೂರಿಗೆ ಹೋಗುತ್ತಿದ್ದೆವು. ದಕ್ಷಿಣದಲ್ಲಿ ಭೂವಿಜ್ಞಾನ ಓದಿದವರಿಗೆಲ್ಲ ಅದು ಒಂಥರಾ ತೀರ್ಥಯಾತ್ರೆ. ಅಲ್ಲಿಂದ ಬಟ್ಟೆಚೀಲದಲ್ಲಿ ತಂದ ಜೇಡಿಮಣ್ಣನ್ನು ಸ್ಟೀಲ್ ಪಾತ್ರೆಯಲ್ಲಿ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿಡುವುದು. ಬೆಳಿಗ್ಗೆ ಜರಡಿಯ ಮೇಲೆ ಸುರಿದು, ಸಣ್ಣ ನಲ್ಲಿ ಬಿಟ್ಟು, ಅಂಗೈಯಿಂದ ಮೆಲ್ಲಗೆ ಸವರುತ್ತ ತೊಳೆಯುವುದು. ಕೆಳಗೆ ಬೀಳುವ ನೀರು ಮಜ್ಜಿಗೆಯಂತಿದ್ದದ್ದು ತಿಳಿಯಾಗುವವರೆಗೆ ಬಿಡುವಂತಿಲ್ಲ. ಕೆಲವೊಮ್ಮೆ ಒಂದು ಗಂಟೆ. ಒಣಗಿಸಿದರೆ ಚಿರೋಟಿ ರವೆಯಂಥ ಒಂದು ಚಮಚ ಪುಡಿ ಉಳಿಯುತ್ತದೆ. ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಮೂರು ಸೊನ್ನೆ ನಂಬರಿನ ಕುಂಚದ ತುದಿಯನ್ನು ಒದ್ದೆ ಮಾಡಿ ಒಂದೊಂದೇ ಚಿಪ್ಪು ಎತ್ತಿ, ಅರವತ್ತು ಮನೆಗಳ ಕಪ್ಪು ಸ್ಲೈಡಿನಲ್ಲಿ ಕೂಡಿಸುವುದು. ಒಂದು ಮಾದರಿಗೆ ಕಡಿಮೆಯೆಂದರೂ ಮುನ್ನೂರು ಚಿಪ್ಪು ಎಣಿಸಬೇಕು. ಎಣಿಸುವಾಗ ಸೀನು ಬಂದರೆ ಅವತ್ತಿನ ಕೆಲಸ ಹೋಯಿತು. ಕಾಲೇಜಿನಲ್ಲಿ ನೀರಿಲ್ಲದ ದಿನ ಮನೆಯಲ್ಲೇ ತೊಳೆಯುತ್ತಿದ್ದೆ. "ಹಿಟ್ಟಿನ ಜರಡಿ ಮುಟ್ಟಿದರ ನೋಡ್ರಿ ಮತ್ತ" ಎಂದು ನಮ್ಮ ಮನೆಯವರು ಒಮ್ಮೆ ಹೇಳಿದ್ದು ನೆನಪಿದೆ. ಅವರ ಜರಡಿ ನನಗೆ ಉಪಯೋಗವೂ ಇರಲಿಲ್ಲ. ನನ್ನದರ ಕಣ್ಣು 63 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹದಿನಾರರಲ್ಲೊಂದು ಪಾಲು.

ಈ ಕೆಲಸವನ್ನು ನಲವತ್ತು ವರ್ಷ, ಹತ್ತಾರು ದೇಶಗಳ ಬಂಡೆಗಳ ಮೇಲೆ ಮಾಡಿದವರು ಗೆರ್ಟಾ ಕೆಲ್ಲರ್. ಹುಟ್ಟಿದ್ದು 1945ರಲ್ಲಿ, ಲಿಕ್ಟೆನ್‌ಸ್ಟೈನ್ ಎಂಬ ಅಂಗೈಯಗಲದ ದೇಶದಲ್ಲಿ. ಹನ್ನೆರಡು ಮಕ್ಕಳ ರೈತ ಕುಟುಂಬ, ಬೆಳೆದದ್ದು ಸ್ವಿಟ್ಜರ್ಲೆಂಡಿನ ಹೊಲಮನೆಯಲ್ಲಿ. ಹದಿನಾಲ್ಕನೇ ವಯಸ್ಸಿಗೆ ಹೊಲಿಗೆ ಕಲಿಯಲು ಹಾಕಿದರು. ಹೊಲಿದು ಕೂಡಿಸಿದ ದುಡ್ಡಿನಲ್ಲಿ ಊರು ಬಿಟ್ಟು ತಿರುಗಾಟಕ್ಕೆ ಹೊರಟರು. 1960ರ ದಶಕದಲ್ಲಿ ಸಿಡ್ನಿಯಲ್ಲಿ ಬ್ಯಾಂಕ್ ದರೋಡೆಕೋರನೊಬ್ಬನ ಗುಂಡು ತಗುಲಿ, ಪಾದ್ರಿ ಬಂದು ಕೊನೆಯ ಪ್ರಾರ್ಥನೆಗೆ ಕೂರುವ ಹಂತ ತಲುಪಿ, ಬದುಕಿದರು. ಆಮೇಲೆ ಅಮೆರಿಕ. ಓದು ಬಿಟ್ಟು ಎಷ್ಟೋ ವರ್ಷವಾಗಿದ್ದವರು ಮತ್ತೆ ಕಾಲೇಜು ಸೇರಿ 1978ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಪಿಎಚ್.ಡಿ. ಪಡೆದರು. 1984ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆ ಸೇರಿದರು. ಇದನ್ನೆಲ್ಲ ಕ್ಲಾಸಿನಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು. ಗುಂಡಿನ ಕಥೆ ಮುಗಿದ ಮೇಲೆ ಫೊರಾಮ್ ಶುರು ಮಾಡಿದರೆ ಮತ್ತೆ ಮಲಗುತ್ತಿದ್ದರು, ಅದು ಬೇರೆ ಮಾತು.

ಟ್ಯುನೀಶಿಯಾದಲ್ಲಿ ಎಲ್ ಕೆಫ್ ಎಂಬ ಊರಿದೆ. 6.6 ಕೋಟಿ ವರ್ಷ ಹಿಂದಿನ ಅಳಿವಿನ ಗೆರೆಯನ್ನು ಜಗತ್ತಿಗೆಲ್ಲ ಅಧಿಕೃತವಾಗಿ ಗುರುತಿಸಿರುವುದು ಆ ಊರಿನ ಬಳಿಯ ಬಂಡೆಯಲ್ಲಿ. ಅಲ್ಲಿನ ಫೊರಾಮ್‌ಗಳನ್ನು ಎಣಿಸಿ ಕೆಲ್ಲರ್ 1988ರಲ್ಲಿ ಪ್ರಬಂಧ ಬರೆದರು. ಎಲ್ಲವೂ ಒಂದೇ ಗೆರೆಯಲ್ಲಿ ಸತ್ತಿಲ್ಲ. ಕೆಲವು ಗೆರೆಗಿಂತ ಮೊದಲೇ ಹೋಗಿವೆ, ಸುಮಾರು ಮೂರನೇ ಒಂದು ಪಾಲು ಗೆರೆ ದಾಟಿ ಉಳಿದಿವೆ. ಇದು ಅವರ ಲೆಕ್ಕ. ಅದೇ ಬಂಡೆ ನೋಡಿದ ಡಚ್ ವಿಜ್ಞಾನಿ ಯಾನ್ ಸ್ಮಿಟ್ ಇದಕ್ಕೆ ತದ್ವಿರುದ್ಧ: ಹೆಚ್ಚುಕಡಿಮೆ ಎಲ್ಲವೂ ಒಮ್ಮೆಲೇ ಹೋದವು, ಮೇಲಿನ ಪದರದಲ್ಲಿ ಸಿಗುವ ಹಳೆಯ ಚಿಪ್ಪುಗಳು ಕೆಳಗಿನ ಕೆಸರಿನಿಂದ ಕದಡಿ ಬಂದವು ಎಂದರು. ಕೊನೆಗೆ 1990ರ ದಶಕದ ಆರಂಭದಲ್ಲಿ, ಇಬ್ಬರಿಗೂ ಸಂಬಂಧವಿಲ್ಲದ ರಾಬರ್ಟ್ ಗಿನ್ಸ್‌ಬರ್ಗ್ ಎಂಬ ಭೂವಿಜ್ಞಾನಿ ಎಲ್ ಕೆಫ್‌ನಿಂದ ಹೊಸದಾಗಿ ಮಾದರಿ ತರಿಸಿ, ಯಾವುದು ಯಾವ ಪದರದ್ದು ಎಂದು ಹೇಳದೆ ನಾಲ್ವರು ಪರಿಣತರಿಗೆ ಹಂಚಿದರು. ಪರೀಕ್ಷೆಯಲ್ಲಿ ರಿಜಿಸ್ಟರ್ ನಂಬರು ಮರೆಮಾಡಿ ಮೌಲ್ಯಮಾಪನಕ್ಕೆ ಕೊಡುತ್ತೇವಲ್ಲ, ಹಾಗೆ. 1994ರಲ್ಲಿ ಹ್ಯೂಸ್ಟನ್‌ನ ಸಭೆಯಲ್ಲಿ ಫಲಿತಾಂಶ ಬಿಚ್ಚಿದರು. ಎರಡೂ ಕಡೆಯವರು ತಾವೇ ಗೆದ್ದೆವು ಎಂದರು! ನನಗೆ ಇಡೀ ವಿಜ್ಞಾನದ ಇತಿಹಾಸದಲ್ಲಿ ಅತ್ಯಂತ ಇಷ್ಟವಾದ ಪ್ರಸಂಗ ಇದು.

ನಗುವ ವಿಷಯವಲ್ಲ, ನಿಜವಾದ ತೊಡಕು ಇದೆ. ಅಪರೂಪದ ಜಾತಿಯ ಕೊನೆಯ ಚಿಪ್ಪು ನಿಮ್ಮ ಮಾದರಿಯಲ್ಲಿ ಸಿಗದೇ ಹೋಗುವ ಸಂಭವವೇ ಹೆಚ್ಚು. ಆದ್ದರಿಂದ ಒಮ್ಮೆಲೇ ಆದ ಸಾವೂ ಬಂಡೆಯಲ್ಲಿ ನಿಧಾನದ ಸಾವಿನಂತೆ ಕಾಣುತ್ತದೆ. 1982ರಲ್ಲಿ ಸಿಗ್ನರ್ ಮತ್ತು ಲಿಪ್ಸ್ ಎಂಬ ಪಳೆಯುಳಿಕೆ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಇನ್ನೊಂದು ತೊಡಕು ಜರಡಿಯದ್ದು. ದೊಡ್ಡ ಕಣ್ಣಿನ ಜರಡಿ ಹಿಡಿದವನಿಗೆ ದೊಡ್ಡ, ಅಲಂಕಾರದ ಜಾತಿಗಳಷ್ಟೇ ಸಿಗುತ್ತವೆ. ಗ್ಲೋಬೊಟ್ರಂಕಾನ ಎಂಬುದೊಂದಿದೆ, ಅಂಚಿಗೆ ಎರಡು ಸಾಲು ಮಣಿ ಪೋಣಿಸಿ ಕಸೂತಿ ಹಾಕಿದ ಹಾಗಿರುತ್ತದೆ. ಅಂಥವೆಲ್ಲ ಗೆರೆಯ ಹತ್ತಿರ ಹೋದವು, ಅದರಲ್ಲಿ ಜಗಳವಿಲ್ಲ. ಕೆಲ್ಲರ್ 38 ಮೈಕ್ರಾನ್‌ವರೆಗೆ ಇಳಿದು, ಬೇರೆಯವರು ಮೋರಿಗೆ ಬಿಡುತ್ತಿದ್ದ ಧೂಳನ್ನೂ ನೋಡಿದರು. ಅಲ್ಲಿ ಸಿಕ್ಕದ್ದು ಗುಂಬೆಲಿಟ್ರಿಯಾ. ಮೂರು ಮೂರು ಗುಳ್ಳೆ ಒಂದರ ಮೇಲೊಂದು ಪೇರಿಸಿದಂಥ, ನೋಡಲಿಕ್ಕೆ ಏನೇನೂ ಇಲ್ಲದ ಜೀವಿ. ಕಡಲು ಕೆಟ್ಟಾಗಲೆಲ್ಲ ಇದರ ಸಂಖ್ಯೆ ಉಕ್ಕುತ್ತದೆ, ಬರಗಾಲದ ಹೊಲದಲ್ಲಿ ಜಾಲಿ ಎದ್ದ ಹಾಗೆ. ಮಹಾ ಅಳಿವನ್ನು ದಾಟಿದ್ದೂ ಇದೇ. ಅದಕ್ಕೆ ಹೆಸರು ಬಂದದ್ದು ಗುಂಬೆಲ್ ಎಂಬ ಜರ್ಮನ್ ಭೂವಿಜ್ಞಾನಿಯಿಂದ. ವಿಜಯಪುರದ ನನ್ನ ಹುಡುಗರು ಕೇಳಬೇಕಲ್ಲ, 'ಗುಂಬಜದ ಹುಳ' ಎಂದೇ ಕರೆದರು. ಗೋಳಗುಂಬಜದ ಊರಿನವರಿಗೆ ಅದು ತಕ್ಷಣ ನೆನಪಿನಲ್ಲೂ ನಿಂತಿತು.

ಲೂಯಿಸ್ ಆಲ್ವರೆಜ್ ನೊಬೆಲ್ ಪಡೆದ ಭೌತವಿಜ್ಞಾನಿ. ಪಳೆಯುಳಿಕೆ ವಿಜ್ಞಾನಿಗಳು ಅಷ್ಟೇನೂ ಒಳ್ಳೆಯ ವಿಜ್ಞಾನಿಗಳಲ್ಲ, ಅಂಚೆಚೀಟಿ ಕೂಡಿಸುವವರಿದ್ದ ಹಾಗೆ ಎಂದು 1988ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿಬಿಟ್ಟರು. ಅದನ್ನು ಓದಿದ ದಿನ ನಾನು ಕಲ್ಲಿನ ಪಕ್ಷ ಬಿಟ್ಟೆ. ಇದು ವೈಜ್ಞಾನಿಕ ಕಾರಣವಲ್ಲ, ಒಪ್ಪುತ್ತೇನೆ.

ಇನ್ನು ನಮ್ಮ ನೆಲದ ಮಾತು. ಅಳಿವಿಗೆ ಮುಖ್ಯ ಕಾರಣ ಆಕಾಶದ ಕಲ್ಲಲ್ಲ, ದಖ್ಖನ್ನಿನಲ್ಲಿ ಉಕ್ಕಿ ಹರಿದ ಲಾವಾ ಅನ್ನುವುದು ಕೆಲ್ಲರ್ ವಾದ. ವಿಜಯಪುರ, ಬೆಳಗಾವಿ, ಕಲಬುರಗಿ, ಬೀದರ ಸೀಮೆಯ ಕರಿಕಲ್ಲು ದಖ್ಖನ್ ಲಾವಾ. ಗೋಳಗುಂಬಜದ ಗೋಡೆ ಅದರದ್ದೇ. ಆ ಕಲ್ಲು ಕೊಳೆತು ಆದದ್ದೇ ನಮ್ಮ ಎರಿ ಮಣ್ಣು, ನಮ್ಮ ಬಿಳಿಜೋಳ. ನಮ್ಮ ಹೊಲದ ಹಳೆಯ ಬಾವಿಗೆ ಇಳಿದರೆ ಕರಿಕಲ್ಲಿನ ಎರಡು ಹಾಸಿನ ನಡುವೆ ಮೊಳದುದ್ದದ ಜಾಜಿನ ಬಣ್ಣದ ಪಟ್ಟಿ ಕಾಣುತ್ತದೆ. ಒಂದು ಲಾವಾ ಹರಿದು ಆರಿ, ಮುಂದಿನದು ಬರುವವರೆಗೆ ಬಿಸಿಲು ಮಳೆಗೆ ಸಿಕ್ಕು ಮಣ್ಣಾದ ಕಾಲ ಅದು. ಬಾವಿ ತೋಡಿದ ನಮ್ಮಜ್ಜ ಅದನ್ನು 'ಕಲ್ಲಿನ ನಡುವಿನ ಹಸಿ' ಅನ್ನುತ್ತಿದ್ದರು. ಪ್ರಿನ್ಸ್‌ಟನ್ನಿನವರೇ ಆದ ಬ್ಲೇರ್ ಶೋನ್ ಮತ್ತು ಸಂಗಡಿಗರು ಪಶ್ಚಿಮಘಟ್ಟದಲ್ಲಿ ಇಂಥ ಕೆಂಪು ಪಟ್ಟಿಗಳಿಂದಲೂ ಜಿರ್ಕಾನ್ ಹರಳು ಹೆಕ್ಕಿ ವಯಸ್ಸು ಲೆಕ್ಕ ಹಾಕಿದರು. ಲಾವಾದ ಮುಖ್ಯ ಘಟ್ಟ ಅಳಿವಿಗೆ ಸುಮಾರು ಎರಡೂವರೆ ಲಕ್ಷ ವರ್ಷ ಮೊದಲು ಶುರುವಾಯಿತು ಎಂದು 2015ರಲ್ಲಿ ಹೇಳಿದರು.

ಆದರೆ ಲಾವಾದಲ್ಲಿ ಫೊರಾಮ್ ಇರುವುದಿಲ್ಲ. ಲಾವಾದ ಕಾಲವನ್ನೂ ಕಡಲಿನ ಸಾವನ್ನೂ ಒಂದೇ ಬಂಡೆಯಲ್ಲಿ ನೋಡಬೇಕಾದರೆ ಲಾವಾ ಕಡಲು ಮುಟ್ಟಿದ ಜಾಗ ಬೇಕು. ಅದು ಆಂಧ್ರದ ರಾಜಮಂಡ್ರಿ. ಗೋದಾವರಿ ದಂಡೆಯ ಗೌರಿಪಟ್ನಂ ಕಲ್ಲುಗಣಿಗಳಲ್ಲಿ ಕೆಳಗೊಂದು ಲಾವಾ, ಮೇಲೊಂದು ಲಾವಾ, ನಡುವೆ ಕಡಲ ಕೆಸರು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಕಲ್ಲಿನ ರಾಸಾಯನಿಕ ಗುರುತೇ ಅಲ್ಲಿನ ಲಾವಾದಲ್ಲೂ ಇದೆ. ಘಟ್ಟದಿಂದ ಹೊರಟು ಹಳೆಯ ನದಿಕಣಿವೆ ಹಿಡಿದು ಬಂಗಾಳಕೊಲ್ಲಿಯವರೆಗೆ ಹರಿದಿರಬೇಕು, ಭೂಮಿಯ ಮೇಲೆ ತಿಳಿದಿರುವ ಅತಿ ಉದ್ದದ ಲಾವಾ ಹರಿವು ಇದೇ ಇರಬಹುದು ಎಂದು 2008ರಲ್ಲಿ ಒಂದು ತಂಡ ಬರೆಯಿತು. ಅದೇ ವರ್ಷ ಕೆಲ್ಲರ್, ಥಿಯರಿ ಅಡಾಟ್, ನಮ್ಮವರೇ ಆದ ಸುನಿಲ್ ಬಾಜಪೇಯಿ ಮೊದಲಾದವರು ಆ ನಡುವಿನ ಕೆಸರಿನ ಫೊರಾಮ್ ಪ್ರಕಟಿಸಿದರು. ಕೆಳಗಿನ ಲಾವಾದ ಬೆನ್ನಿಗೇ ಕೂತ ಕೆಸರಿನಲ್ಲಿ ಗ್ಲೋಬೊಟ್ರಂಕಾನ ಇಲ್ಲ, ಮಹಾ ಅಳಿವಿನ ನಂತರ ಮೊದಲು ಹುಟ್ಟಿದ ಕುಳ್ಳ ಜಾತಿಗಳಿವೆ. ಅಂದರೆ ಕೆಳಗಿನ ಲಾವಾ ಮುಗಿದದ್ದೂ ಕಡಲು ಖಾಲಿಯಾದದ್ದೂ ಅಕ್ಕಪಕ್ಕ. ಆಮೇಲೆ ಓಎನ್‌ಜಿಸಿ ತೈಲಬಾವಿಗಳಿಂದ ತೆಗೆದ ಮಾದರಿಗಳಲ್ಲಿ, ಒಂದೊಂದು ಲಾವಾ ಹರಿವಿಗೂ ಜಾತಿಗಳ ಸಂಖ್ಯೆ ಇಳಿಯುತ್ತ ಹೋಗಿದ್ದನ್ನು ಓಎನ್‌ಜಿಸಿಯ ವಿಜ್ಞಾನಿಗಳ ಜೊತೆ ಸೇರಿ ಬರೆದರು. ಆ ಪ್ರಬಂಧ 2011ರಲ್ಲಿ ಬಂದದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘದ ನಿಯತಕಾಲಿಕದಲ್ಲಿ. ಜಗತ್ತಿನ ಇಷ್ಟು ದೊಡ್ಡ ಜಗಳದ ಒಂದು ಮುಖ್ಯ ದಾಖಲೆ ನಿಮ್ಮ ಕಚೇರಿಯಿಂದ ಆಟೋ ಹಿಡಿದು ಹೋಗುವಷ್ಟು ಹತ್ತಿರದಲ್ಲಿ ಅಚ್ಚಾಯಿತು. ನಿಮ್ಮ ಪುಟದಲ್ಲಿ ಮೆಕ್ಸಿಕೋದ ನಕ್ಷೆ ಮಾತ್ರ ಇತ್ತು.

ಹಾಗಾದರೆ ಕೆಲ್ಲರ್ ಹೇಳಿದ್ದೆಲ್ಲ ಸರಿಯೇ? ನನ್ನ ಮಟ್ಟಿಗೆ ಇಲ್ಲ. ಕಲ್ಲು ಬಿದ್ದು ಮೆಕ್ಸಿಕೋದಲ್ಲಿ ಆದ ಚಿಕ್ಸುಲುಬ್ ಕುಳಿ ಅಳಿವಿಗಿಂತ ಮೂರು ಲಕ್ಷ ವರ್ಷ ಹಳೆಯದು ಎಂದು ಅವರು 2004ರಲ್ಲಿ ವಾದಿಸಿದ್ದು ನಿಲ್ಲಲಿಲ್ಲ ಎಂದೇ ನನಗೆ ಕಾಣುತ್ತದೆ. 2010ರಲ್ಲಿ 41 ವಿಜ್ಞಾನಿಗಳು ಒಟ್ಟಾಗಿ ಕ್ಷುದ್ರಗ್ರಹದ ಪರ ಬರೆದರು. 2016ರಲ್ಲಿ ಕುಳಿಯನ್ನೇ ಕೊರೆದು ತಂದ ಬಂಡೆಯಲ್ಲಿ ಇರಿಡಿಯಂ ಪದರವೂ ಸಿಕ್ಕಿತು. ಲಾವಾದ ಅನಿಲದಿಂದ ಕಡಲು ಬೆಚ್ಚಗಾದದ್ದು ನಿಜ, ಆದರೆ ಅಳಿವಿನ ಹೊತ್ತಿಗೆ ಅದು ಮತ್ತೆ ತಣ್ಣಗಾಗಿತ್ತು ಎಂದು 2020ರಲ್ಲಿ ಪಿಂಚೆಲ್ಲಿ ಹಲ್ ಎಂಬ ವಿಜ್ಞಾನಿಯ ತಂಡ ತೋರಿಸಿತು. ತಕ್ಕಡಿ ಇವತ್ತು ಕಲ್ಲಿನ ಕಡೆಗೇ ವಾಲಿದೆ. ಆದರೂ 'ಪ್ರಕರಣ ಮುಗಿದಿದೆ' ಅನ್ನುವುದು ದುಡುಕು. 2019ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ದಖ್ಖನ್ ಲಾವಾದ ವಯಸ್ಸು ಪ್ರಕಟಿಸಿದವು. ಒಂದರ ಪ್ರಕಾರ ದೊಡ್ಡ ಹರಿವೊಂದು ಅಳಿವಿಗೆ ಮೊದಲೇ ಬಂದಿತ್ತು, ಇನ್ನೊಂದರ ಪ್ರಕಾರ ಬಹುಪಾಲು ಲಾವಾ ಬಂದದ್ದು ಅಳಿವಾದ ಮೇಲೆ. ಈ ಅಳಿವಿಗಿಂತ ಭೀಕರವಾದ ಪರ್ಮಿಯನ್ ಯುಗದ ಅಂತ್ಯದ ಅಳಿವಿಗೆ, 25.2 ಕೋಟಿ ವರ್ಷ ಹಿಂದಿನದು, ಸೈಬೀರಿಯಾದ ಲಾವಾವೇ ಕಾರಣ ಎಂದು ಹೆಚ್ಚಿನವರು ಒಪ್ಪುತ್ತಾರೆ. ಅಲ್ಲಿ ಕೊಂದ ಲಾವಾ ಇಲ್ಲಿ ಸುಮ್ಮನೆ ಕೂತಿತ್ತೇ ಅನ್ನುವ ಪ್ರಶ್ನೆ ಕೇಳುವುದರಲ್ಲಿ ತಪ್ಪೇನಿದೆ? ಕೆಲ್ಲರ್ ಹಟ ಹಿಡಿಯದಿದ್ದರೆ ಇಷ್ಟು ಮಂದಿ ಇಷ್ಟು ಜರಡಿ ಹಿಡಿಯುತ್ತಿರಲಿಲ್ಲ.

ನಮ್ಮಲ್ಲೂ ಎಣಿಸುವವರಿದ್ದರು. ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಎಲ್. ರಾಮರಾವ್ ಅವರು ವಿಯೆನ್ನಾದ ಯೂಲಿಯಸ್ ಪಿಯಾ ಜೊತೆ ಸೇರಿ ತಿರುಚಿರಾಪಳ್ಳಿ ಸೀಮೆಯ ನಿನಿಯೂರಿನ ಕಡಲ ಪಾಚಿಗಳ ಪಳೆಯುಳಿಕೆ ಬಗ್ಗೆ 1936ರಲ್ಲೇ ಬರೆದಿದ್ದರು. ಅಳಿವಿನ ಗೆರೆಯ ಆಸುಪಾಸಿನ ಬಂಡೆಗಳವು. ಇರಿಡಿಯಂ ಪ್ರಬಂಧಕ್ಕೆ 44 ವರ್ಷ ಮೊದಲಿನ ಮಾತು ಇದು. ಅದೇ ಪ್ರದೇಶದ ಪೆರಂಬಲೂರಿನಲ್ಲಿ 2020ರ ಕೊನೆಗೆ ಡೈನೋಸಾರ್ ಮೊಟ್ಟೆ ಸಿಕ್ಕಿವೆ ಎಂದು ಮೊಬೈಲಿನಲ್ಲೆಲ್ಲ ಓಡಾಡಿತು. ಹೋಗಿ ನೋಡಿದರೆ ಅಮೊನೈಟ್ ಎಂಬ ಕಡಲಜೀವಿಯ ಸುತ್ತ ಗಟ್ಟಿಯಾದ ಕೆಸರುಂಡೆ. ಡೈನೋಸಾರ್ ಜೊತೆಗೇ ಅಳಿದ ಅಮೊನೈಟ್ ಸಿಕ್ಕಿದ್ದು ಸುದ್ದಿಯಾಗಲಿಲ್ಲ, ಮೊಟ್ಟೆ ಅಲ್ಲದ್ದು ಸುದ್ದಿಯಾಯಿತು.

ನನ್ನ ಸಂಕಟವನ್ನೂ ಹೇಳಿಬಿಡುತ್ತೇನೆ. ನಿವೃತ್ತನಾದ ಮರುವರ್ಷ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆ ಕಾರ್ಡು ಕೊಡಲು ಕಾಲೇಜಿಗೆ ಹೋಗಿದ್ದೆ. ಭೂವಿಜ್ಞಾನಕ್ಕೆ ಹುಡುಗರಿಲ್ಲವೆಂದು ವಿಭಾಗ ಮುಚ್ಚಿ ಕೊಠಡಿಯನ್ನು ಕಂಪ್ಯೂಟರಿಗೆ ಕೊಟ್ಟಿದ್ದರು. ಅದಕ್ಕೆ ನನ್ನ ಆಕ್ಷೇಪವಿಲ್ಲ, ಹುಡುಗರಿಲ್ಲದೆ ಪಾಠ ಯಾರಿಗೆ? ಆದರೆ ನಮ್ಮ ಸ್ಲೈಡಿನ ಕಪಾಟು ಪಡಸಾಲೆಯಲ್ಲಿ ಮಳೆಗೆ ತೋಯುತ್ತ ನಿಂತಿತ್ತು. ಡ್ರಾಯರ್ ಎಳೆದರೆ ರಟ್ಟು ಉಬ್ಬಿ, ಅಂಟು ಬಿಟ್ಟು, ಮುವ್ವತ್ತು ವರ್ಷದ ಫೊರಾಮ್‌ಗಳೆಲ್ಲ ಮೂಲೆಯಲ್ಲಿ ಬಿಳಿ ಪುಡಿಯಾಗಿ ಕೂಡಿದ್ದವು. ಯಾವುದು ಯಾವ ಊರಿನದು, ಯಾವ ಪದರದ್ದು ಎಂದು ಇನ್ನು ಯಾರೂ ಹೇಳುವಂತಿಲ್ಲ. ಜವಾನ "ಸರ, ಇದು ರದ್ದಿಗೆ ಹೊಂಟೈತ್ರಿ, ನಿಮಗ ಏನರ ಬೇಕೇನ್ರಿ?" ಎಂದ. ಒಳಗಿನ ಡ್ರಾಯರಿನಲ್ಲಿ ಒಣಗಿದ್ದ ಹನ್ನೊಂದು ಸ್ಲೈಡು ಜೇಬಿಗೆ ಹಾಕಿಕೊಂಡು ಬಂದೆ. ಸಹಿ ಗಿಹಿ ಯಾರೂ ಕೇಳಲಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ಸಲ ಅಳಿವಿನ ಬಗ್ಗೆ ಬರೆಸುವಾಗ ಅರ್ಧ ಪುಟ ಕಡಲಿಗೆ ಕೊಡಿ. ಛಾಯಾಗ್ರಾಹಕರನ್ನು ಗುರುಮಠಕಲ್ ಕಡೆ ಕಳಿಸಿ. ಹಿಂದಿನ ಗುಲ್ಬರ್ಗ ಜಿಲ್ಲೆಯ ಆ ಸೀಮೆಯಲ್ಲಿ ಲಾವಾ ಹಾಸುಗಳ ನಡುವಿನ ಕೆರೆಯ ಕೆಸರಿನಿಂದ ಆಸ್ಟ್ರಕಾಡ್ ಎಂಬ ಕಾಳಿನಷ್ಟು ಚಿಕ್ಕ ಚಿಪ್ಪುಜೀವಿಗಳನ್ನು ವಿಜ್ಞಾನಿಗಳು ಹೆಕ್ಕಿ ಹೆಸರಿಟ್ಟಿದ್ದಾರೆ. ಅದು ಕಡಲಲ್ಲ, ಸಿಹಿನೀರು. ಆದರೂ ಲಾವಾ ಹರಿಯುತ್ತಿದ್ದಾಗ ನಮ್ಮ ನೆಲದಲ್ಲಿ ಏನು ಬದುಕಿತ್ತು ಎಂದು ಹೇಳುವುದು ಅವೇ.

ನಿಮ್ಮ ಉಪಸಂಪಾದಕರು ಯಾರಾದರೂ ಈ ಕಡೆ ಬಂದರೆ ಮನೆಗೆ ಬರಲಿ. ಸೂಕ್ಷ್ಮದರ್ಶಕ ಹಳೆಯದು, ಎಡಗಣ್ಣಿನ ಕಡೆ ಸ್ವಲ್ಪ ಮಂಜು. ಹನ್ನೊಂದರಲ್ಲಿ ನಾಲ್ಕನೇ ಸ್ಲೈಡಿನ ಇಪ್ಪತ್ತಮೂರನೇ ಮನೆಯಲ್ಲಿ ಒಂದು ಗ್ಲೋಬೊಟ್ರಂಕಾನ ಇದೆ, ಅಂಚಿನ ಮಣಿಸಾಲು ಒಂದೂ ಮುರಿದಿಲ್ಲ. ಬೆಳಿಗ್ಗೆ ಹತ್ತರೊಳಗೆ ಬಂದರೆ ಒಳ್ಳೆಯದು, ಆಮೇಲೆ ಕರೆಂಟು ಇರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂವಿಜ್ಞಾನ ಉಪನ್ಯಾಸಕ,
ವಿಜಯಪುರ